ಆಟದ ಪೆಟ್ಟಿಗೆಯ ಕಾಯಕಲ್ಪ

ಕಳೆದ ಶತಮಾನದ ಎಂಬತ್ತರ ಹಾಗೂ ತೊಂಬತ್ತರ ದಶಕಗಳಲ್ಲಿ ನಮ್ಮ ದೊಡ್ಡ ಊರುಗಳ ಪೇಟೆಬೀದಿಗಳಲ್ಲಿ ‘ವಿಡಿಯೋ ಗೇಮ್’ ಎಂಬ ಫಲಕ ಹೊತ್ತ ಅಂಗಡಿಗಳಿದ್ದುದನ್ನು ಹಿರಿಯರು ಬಲ್ಲರು. ಅಲ್ಲಿ ಆಳೆತ್ತರದ ಮರದ ಪೆಟ್ಟಿಗೆಗಳು ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತಿರುತ್ತಿದ್ದವು. ನಾಣ್ಯವನ್ನೋ ಅಂಗಡಿಯಾತ ಕೊಟ್ಟ ಬಿಲ್ಲೆಯನ್ನೋ ಸೀಳಿನಲ್ಲಿ ಹಾಕಿದೊಡನೆ ಗಾಜಿನ ಪರದೆಯ ಮೇಲೆ ಆಟ ಮೊದಲಾಗುತ್ತಿತ್ತು. ಮುಂದೆ ಮನೆಯ ಟೆಲಿವಿಷನ್ನಿಗೇ ಜೋಡಿಸುವ ಆಟದ ಯಂತ್ರಗಳು ಬಂದವು. ಆಮೇಲೆ ಕಿಸೆಯ ಫೋನಿನಲ್ಲಿಯೇ ಆಟ ಬಂದಿತು. ಅಂಗಡಿಗಳು ಮುಚ್ಚಿದವು, ಪೆಟ್ಟಿಗೆಗಳು ಗೋದಾಮಿಗೂ ಗುಜರಿಗೂ ಹೋದವು.

ಅಂತಹ ಪೆಟ್ಟಿಗೆಯೊಂದನ್ನು ಜೇವರ್ಗಿಯ ವಿದ್ಯಾರ್ಥಿಯೊಬ್ಬನು ಕಲಬುರಗಿಯ ಗುಜರಿಯಲ್ಲಿ ಕೊಂಡು, ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿಸಿ ತನ್ನ ಮನೆಯ ಪಡಸಾಲೆಗೆ ತಂದನೆಂದು ಭಾವಿಸೋಣ. ಸ್ವಿಚ್ಚು ಒತ್ತಿದರೆ ಬೆಳಕಿಲ್ಲ, ಸದ್ದಿಲ್ಲ. ನೋಡಿದವರೆಲ್ಲ ‘ಸತ್ತಿದೆ’ ಎನ್ನುತ್ತಾರೆ. ಆದರೆ ಇದು ಒಂದೇ ಯಂತ್ರವಲ್ಲ. ಒಂದು ಮರದ ಗೂಡು, ವಿದ್ಯುತ್ತನ್ನು ಹದಗೊಳಿಸುವ ಒಂದು ಪೂರೈಕೆ ಘಟಕ, ಆಟವನ್ನು ನಡೆಸುವ ಒಂದು ಸಣ್ಣ ಗಣಕದ ಫಲಕ, ಚಿತ್ರವನ್ನು ತೋರುವ ಒಂದು ಟೆಲಿವಿಷನ್ ಭಾಗ, ಇಷ್ಟು ಇಲ್ಲಿ ಕೂಡಿವೆ. ಒಂದೊಂದಕ್ಕೂ ಬರುವ ವ್ಯಾಧಿ ಬೇರೆ, ಮದ್ದು ಬೇರೆ. ಗೂಡು, ಪೂರೈಕೆ, ಫಲಕ ಈ ಮೂರು ಕೆಟ್ಟರೆ ಸರಿಪಡಿಸಬಹುದು, ಇಲ್ಲವೆ ಬದಲಿಸಬಹುದು. ಟೆಲಿವಿಷನ್ ಭಾಗದಲ್ಲಿರುವ ಚಿತ್ರನಳಿಕೆ ಮಾತ್ರ ಹಾಗಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಕಪ್ಪು-ಬಿಳುಪಿನ ಚಿತ್ರನಳಿಕೆಗಳು ತಯಾರಾಗುತ್ತಿದ್ದವು. ಭಾರತದಲ್ಲಿ ಬಣ್ಣದ ನಳಿಕೆಗಳ ತಯಾರಿಕೆಯೂ 2010ರ ದಶಕದಲ್ಲಿ ನಿಂತುಹೋಯಿತು. ಇಂದು ಒಡೆದ ನಳಿಕೆಗೆ ಬದಲು ಬೇಕಾದರೆ ಇನ್ನೊಂದು ಹಳೆಯ ನಳಿಕೆಯನ್ನೇ ಹುಡುಕಬೇಕು. ಆದುದರಿಂದ ಈ ಕೆಲಸದಲ್ಲಿ ಕೈಯ ಚುರುಕಿಗಿಂತ ಮೊದಲು ಬೇಕಾದುದು ಕ್ರಮ. ಯಾವುದನ್ನು ಮುಟ್ಟಬಾರದು, ಯಾವುದನ್ನು ಮೊದಲು ನೋಡಬೇಕು ಎಂಬುದನ್ನು ತಿಳಿದು ಹೊರಟವನಿಗೆ ಪೆಟ್ಟಿಗೆ ಬದುಕುವ ಸಂಭವ ಹೆಚ್ಚು.

ಈ ಜಾತಿಯ ಯಂತ್ರಗಳಲ್ಲಿ ಮೊದಲು ದೊಡ್ಡ ಯಶಸ್ಸನ್ನು ಕಂಡದ್ದು 1972ರಲ್ಲಿ ಅಮೆರಿಕದ ಅಟಾರಿ ಕಂಪನಿಯ ‘ಪಾಂಗ್’. ಅದನ್ನು ರಚಿಸಿದ ಆಲನ್ ಆಲ್ಕಾರ್ನ್ ಎಂಬ ಎಂಜಿನಿಯರರು ಪರದೆಗಾಗಿ ಅಂಗಡಿಯಿಂದ ಒಂದು ಸಾಧಾರಣ ಕಪ್ಪು-ಬಿಳುಪು ಟೆಲಿವಿಷನ್ನನ್ನೇ ಕೊಂಡು ತಂದಿದ್ದರು. ಪರೀಕ್ಷೆಗೆಂದು ಕ್ಯಾಲಿಫೋರ್ನಿಯದ ಸನಿವೇಲ್ ಎಂಬ ಊರಿನ ಪಾನಗೃಹವೊಂದರಲ್ಲಿ ಅದನ್ನು ಇರಿಸಿದರು. ಕೆಲವು ದಿನಗಳಾದ ಮೇಲೆ ಯಂತ್ರ ಕೆಟ್ಟಿತೆಂದು ಕರೆ ಬಂದಿತು. ಆಲ್ಕಾರ್ನರು ಹೋಗಿ ಬಾಗಿಲು ತೆರೆದು ನೋಡಿದರೆ ಒಳಗೆ ಎಲ್ಲವೂ ಸರಿಯಾಗಿತ್ತು. ನಾಣ್ಯ ಬೀಳುವ ಪಾತ್ರೆ ಮಾತ್ರ ತುಂಬಿ ತುಳುಕಿ, ಹೊಸ ನಾಣ್ಯಕ್ಕೆ ಎಡೆಯಿಲ್ಲದಂತಾಗಿತ್ತು! ದುರಸ್ತಿ ಕಲಿಯುವವರಿಗೆ ಈ ಕಥೆಯನ್ನು ನಾವು ಮೊದಲು ಹೇಳುವುದುಂಟು. ಬೆಸುಗೆಯ ಕಡ್ಡಿಯನ್ನು ಕಾಯಿಸುವುದಕ್ಕೆ ಮುಂಚೆ ಬೀಗ, ತಂತಿ, ಫ್ಯೂಸು, ಕಳಚಿದ ಕೂಡುಗೊಂಡಿ ಇವುಗಳನ್ನು ಬರಿಯ ಕಣ್ಣಿನಿಂದ ನೋಡುವುದು ಅರ್ಧ ಕೆಲಸ.

ಟೆಲಿವಿಷನ್ನಿನ ಮಾತು ಬಂದುದರಿಂದ, ಈ ಜಿಲ್ಲೆಗೂ ಚಿತ್ರನಳಿಕೆಗೂ ಇರುವ ಹಳೆಯ ನಂಟನ್ನು ನೆನೆಯಬೇಕು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ತೆರೆದದ್ದು 1981ರಲ್ಲಿ. ಅದಕ್ಕಿಂತ ಆರು ವರ್ಷ ಮೊದಲೇ ಗುಲ್ಬರ್ಗ ಜಿಲ್ಲೆಯ ಹಳ್ಳಿಗರು ಟೆಲಿವಿಷನ್ ನೋಡಿದ್ದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ‘ಸೈಟ್’ ಎಂಬ ಶಿಕ್ಷಣ ಪ್ರಯೋಗವನ್ನು ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಲಾಗಿತ್ತು. ಕರ್ನಾಟಕದ ಪಾಲಿಗೆ ಬಂದ ಜಿಲ್ಲೆಗಳು ವಿಜಾಪುರ, ಗುಲ್ಬರ್ಗ ಮತ್ತು ರಾಯಚೂರು. ಕೋಳಿಗೂಡಿಗೆ ಬಳಸುವಂತಹ ತಂತಿಜಾಲರಿಯಿಂದ ಮಾಡಿದ, ಸುಮಾರು ಮೂರು ಮೀಟರು ಅಗಲದ ಬೋಗುಣಿಯಾಕಾರದ ಆಂಟೆನಾ ಆಕಾಶದಿಂದ ಬಂದ ಸಂಕೇತವನ್ನು ಹಿಡಿಯುತ್ತಿತ್ತು. ಊರವರು ಒಂದೆಡೆ ಕೂಡಿ ಕಾರ್ಯಕ್ರಮ ನೋಡುತ್ತಿದ್ದರು. ಆ ಪರದೆಯ ಹಿಂದಿದ್ದ ನಳಿಕೆಗೂ ನಮ್ಮ ಆಟದ ಪೆಟ್ಟಿಗೆಯ ನಳಿಕೆಗೂ ತತ್ತ್ವದಲ್ಲಿ ಭೇದವಿಲ್ಲ. ಹಳೆಯ ಟೆಲಿವಿಷನ್ ದುರಸ್ತಿ ಬಲ್ಲ ಹಿರಿಯರೊಬ್ಬರು ಊರಿನಲ್ಲಿದ್ದರೆ ಅವರನ್ನು ಹುಡುಕಿ ಜೊತೆಗೆ ಕರೆದುಕೊಳ್ಳುವುದು ಒಳಿತು. ಈ ವಿದ್ಯೆಯ ಬಹುಭಾಗ ಪುಸ್ತಕಕ್ಕೆ ಇಳಿಯದೆ ಅಂಥವರ ಕೈಬೆರಳುಗಳಲ್ಲಿಯೇ ಉಳಿದಿದೆ.

ನಳಿಕೆ ಕೆಲಸ ಮಾಡುವ ಬಗೆ ಹೀಗೆ. ಆಲಿಕೆಯಾಕಾರದ ಗಾಜಿನ ಪಾತ್ರೆಯಿಂದ ಗಾಳಿಯನ್ನು ಪೂರ್ತಿಯಾಗಿ ಹೊರತೆಗೆದಿರುತ್ತಾರೆ. ಅದರ ಸಪೂರವಾದ ಕತ್ತಿನಲ್ಲಿ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಪರದೆಯ ಕಡೆ ಇರುವ ಸುಮಾರು 20,000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ ಅವು ಧಾವಿಸಿ ಬಂದು ಗಾಜಿನ ಒಳಮೈಗೆ ಬಳಿದ ಪುಡಿಯನ್ನು ತಾಕಿದಾಗ ಆ ಚುಕ್ಕೆ ಬೆಳಗುತ್ತದೆ. ಕತ್ತಿಗೆ ಸುತ್ತಿದ ತಂತಿಸುರುಳಿಗಳ ಕಾಂತಬಲವು ಈ ಕಿರಣವನ್ನು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ರೈತನು ಹೊಲದಲ್ಲಿ ಸಾಲು ಹೊಡೆಯುವಂತೆ ಓಡಿಸುತ್ತದೆ. ಭಾರತದ ಹಳೆಯ ಟೆಲಿವಿಷನ್ನಿನಲ್ಲಿ ಒಂದು ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಎಂದರೆ ಸೆಕೆಂಡಿಗೆ 15,625 ಸಾಲುಗಳು. ಜಪಾನು ಮತ್ತು ಅಮೆರಿಕದ ಪದ್ಧತಿಯಲ್ಲಿ 525 ಸಾಲು, 30 ಚಿತ್ರ, ಗುಣಿಸಿದರೆ 15,750. ಆಟದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಈ ಎರಡನೆಯ ಲೆಕ್ಕವನ್ನು ಅನುಸರಿಸಿದವು. ವ್ಯತ್ಯಾಸ ಶೇಕಡ ಒಂದಕ್ಕಿಂತ ಕಡಿಮೆ. ಹೀಗಾಗಿ ನಮ್ಮ ಟೆಲಿವಿಷನ್ನಿನಲ್ಲಿ ಪಳಗಿದ ಕೈಗೆ ಇದು ಅಪರಿಚಿತವೆನಿಸದು. ಈ ಸಾಲುಗಳ ವೇಗವೇ ಸೀಟಿಯಂತಹ ತೆಳುವಾದ ಸದ್ದಾಗಿಯೂ ಕೇಳುತ್ತದೆ. ಎಳೆಯ ಕಿವಿಗಳಿಗೆ ಅದು ಸ್ಪಷ್ಟ. ವಯಸ್ಸಾದವರಿಗೆ ಎಷ್ಟೋ ವೇಳೆ ಕೇಳಿಸುವುದೇ ಇಲ್ಲ.

ಇನ್ನು ಅಪಾಯದ ವಿಚಾರ. ಇದನ್ನು ಓದದೆ ಹಿಂಬಾಗಿಲು ತೆರೆಯಬಾರದು. ತೆರೆಯುವಾಗ ಅನುಭವಿ ದುರಸ್ತಿಗಾರರೊಬ್ಬರು ಪಕ್ಕದಲ್ಲಿರಲೇಬೇಕು. ಪ್ಲಗ್ಗನ್ನು ಕಿತ್ತ ಮೇಲೂ ಒಳಗೆ ಎರಡು ಕಡೆ ವಿದ್ಯುತ್ತು ಅವಿತಿರುತ್ತದೆ. ಒಂದು, ಚಿತ್ರನಳಿಕೆ. ಅದರ ಗಾಜಿನ ಒಳಮೈಗೂ ಹೊರಮೈಗೂ ವಾಹಕ ಲೇಪನವಿರುವುದರಿಂದ ನಳಿಕೆಯೇ ಒಂದು ಕಂಡೆನ್ಸರ್ ಆಗುತ್ತದೆ. ಎರಡು, ಪೂರೈಕೆ ಘಟಕದ ದೊಡ್ಡ ಕಂಡೆನ್ಸರ್. 20,000 ವೋಲ್ಟು ಎಂದೊಡನೆ ಎಲ್ಲರೂ ಮೊದಲನೆಯದಕ್ಕೆ ಹೆದರುತ್ತಾರೆ. ಲೆಕ್ಕ ಏನು ಹೇಳುತ್ತದೆ, ನೋಡೋಣ. ಕಂಡೆನ್ಸರಿನಲ್ಲಿ ಕೂಡಿದ ಶಕ್ತಿ ಅದರ ಧಾರಣೆಯ ಅರ್ಧವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು. ನಳಿಕೆಯ ಧಾರಣೆಯನ್ನು 2 ನ್ಯಾನೋಫ್ಯಾರಡ್ ಎಂದಿಟ್ಟುಕೊಂಡರೆ ಶಕ್ತಿ 0.4 ಜೂಲ್ ಬರುತ್ತದೆ. ನಮ್ಮ 230 ವೋಲ್ಟಿನ ವಿದ್ಯುತ್ತನ್ನು ನೇರವಾಗಿ ಏಕಮುಖಗೊಳಿಸುವ ಘಟಕದಲ್ಲಿ ಕಂಡೆನ್ಸರಿನ ಮೇಲೆ ಸುಮಾರು 325 ವೋಲ್ಟು ನಿಲ್ಲುತ್ತದೆ. ಅದರ ಧಾರಣೆ 220 ಮೈಕ್ರೋಫ್ಯಾರಡ್ ಆದರೆ ಶಕ್ತಿ 11.6 ಜೂಲ್. ಸದ್ದಿಲ್ಲದೆ ಕುಳಿತ ಆ ಪುಟ್ಟ ಡಬ್ಬಿಯಲ್ಲಿ ನಳಿಕೆಗಿಂತ ಸುಮಾರು ಮೂವತ್ತು ಪಟ್ಟು ಶಕ್ತಿ ಇರುತ್ತದೆ ಎಂದಾಯಿತು. ಪ್ರಾಣಕ್ಕೆ ಎರವಾಗಬಲ್ಲದ್ದು ಮುಖ್ಯವಾಗಿ ಅದೇ.

ಹಾಗೆಂದು ನಳಿಕೆಯನ್ನು ಕಡೆಗಣಿಸುವಂತಿಲ್ಲ. ಅದರ ಹೊಡೆತಕ್ಕೆ ಕೈ ತನ್ನಷ್ಟಕ್ಕೆ ಹಿಂದಕ್ಕೆ ಚಿಮ್ಮುತ್ತದೆ. ಚಿಮ್ಮಿದ ಕೈ ನಳಿಕೆಯ ಕತ್ತಿಗೆ ಬಡಿದರೆ ಕತ್ತು ಮುರಿಯುತ್ತದೆ. ಒಳಗೆ ಗಾಳಿ ಇಲ್ಲದಿರುವುದರಿಂದ ಹೊರಗಿನ ವಾಯುಭಾರ ಗಾಜನ್ನು ಸದಾ ಒತ್ತುತ್ತಿರುತ್ತದೆ. ಪರದೆ 40 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಎತ್ತರವಿದ್ದರೆ ಅದರ ಮೇಲಿನ ಭಾರ ಹೆಚ್ಚುಕಡಿಮೆ 1,200 ಕಿಲೋಗ್ರಾಮು. ಒಳಕ್ಕೆ ಕುಸಿದ ಗಾಜು ಹೊರಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಉಂಗುರ ಗಡಿಯಾರಗಳಿಲ್ಲದಿರುವುದು, ಸಾಧ್ಯವಾದಾಗಲೆಲ್ಲ ಒಂದೇ ಕೈಯಿಂದ ಕೆಲಸ ಮಾಡುವುದು, ಇವೆಲ್ಲ ಪಳಗಿದ ದುರಸ್ತಿಗಾರರ ನಿಯಮಗಳು.

ವಿದ್ಯುತ್ತನ್ನು ಹೊರಹಾಕುವ ರೀತಿ ಸರಳವೇ. ಚೆನ್ನಾದ ಹಿಡಿಯುಳ್ಳ ಸ್ಕ್ರೂಡ್ರೈವರಿನ ಲೋಹಕ್ಕೆ ಒಂದು ತಂತಿಯನ್ನು ಬಿಗಿದು, ಅದರ ಇನ್ನೊಂದು ತುದಿಯನ್ನು ನಳಿಕೆಯ ಹೊರಮೈಗೆ ಹೊಂದಿಕೊಂಡ ಬರಿ ತಂತಿಯ ಹೆಣಿಗೆಗೆ ಸಿಕ್ಕಿಸಬೇಕು. ಫಲಕದ ಬೇರೆ ಯಾವ ಭಾಗಕ್ಕೂ ಅಲ್ಲ. ಅನಂತರ ಸ್ಕ್ರೂಡ್ರೈವರಿನ ತುದಿಯನ್ನು ನಳಿಕೆಯ ಮೈಮೇಲಿನ ರಬ್ಬರ್ ಟೊಪ್ಪಿಗೆಯ ಅಡಿಗೆ ಮೆಲ್ಲನೆ ತೂರಿಸಬೇಕು. ‘ಚಟ್’ ಎಂಬ ಸದ್ದು ಬರಬಹುದು, ಬಾರದಿರಲೂಬಹುದು. ಕೆಲವು ನಿಮಿಷ ಬಿಟ್ಟು ಇದನ್ನೇ ಮತ್ತೊಮ್ಮೆ ಮಾಡುವುದು ಅವಶ್ಯ, ಏಕೆಂದರೆ ಗಾಜಿನಲ್ಲಿ ಹೀರಿಕೊಂಡ ಸ್ವಲ್ಪ ವಿದ್ಯುತ್ತು ಮೇಲಕ್ಕೆ ಮರಳುತ್ತದೆ. ಪೂರೈಕೆಯ ದೊಡ್ಡ ಕಂಡೆನ್ಸರನ್ನು ಸ್ಕ್ರೂಡ್ರೈವರಿನಿಂದ ಎಂದಿಗೂ ಜೋಡಿಸಬಾರದು. ತಂತುವಿನ ಬಲ್ಬೊಂದರ ಮೂಲಕ ಖಾಲಿ ಮಾಡಿ, ಮೀಟರಿನಿಂದ ಸೊನ್ನೆಯನ್ನು ಕಂಡೇ ಮುಂದುವರಿಯಬೇಕು.

ಪರದೇಶದ ಪೆಟ್ಟಿಗೆಯಾದರೆ ಇನ್ನೊಂದು ಎಚ್ಚರ. ಜಪಾನಿನದು 100 ವೋಲ್ಟಿಗೆ, ಅಮೆರಿಕದ್ದು 120 ವೋಲ್ಟಿಗೆ ಮಾಡಿದ್ದು. ಹಿಂಬದಿಯ ಚೀಟಿಯನ್ನು ಓದದೆ ನಮ್ಮ ಗೋಡೆಯ ಪ್ಲಗ್ಗಿಗೆ ಹಾಕಿದರೆ ಆ ಕ್ಷಣದಲ್ಲಿಯೇ ಹೊಗೆ ಬರುತ್ತದೆ. ಒಳಗಿರುವ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರನ್ನು ಭಾರವೆಂದು ತೆಗೆದೆಸೆಯಬಾರದು. ಅದನ್ನು ತೆಗೆದರೆ ಚಿತ್ರಭಾಗದ ಲೋಹದ ಚೌಕಟ್ಟೇ ವಿದ್ಯುತ್ ಸಂಪರ್ಕಕ್ಕೆ ಬರಬಹುದು.

ಮೊದಲ ಸಲ ವಿದ್ಯುತ್ತು ಕೊಡುವಾಗ ನಮ್ಮ ದುರಸ್ತಿ ಅಂಗಡಿಗಳ ಹಳೆಯ ಉಪಾಯವಾದ ‘ಸೀರೀಸ್ ಬಲ್ಬ್’ ಬಹಳ ಸೊಗಸಾದುದು. 100 ವಾಟಿನ ತಂತುಬಲ್ಬನ್ನು ಯಂತ್ರದೊಡನೆ ಸಾಲಾಗಿ ಜೋಡಿಸುತ್ತಾರೆ. ಒಳಗೆ ಎಲ್ಲಿಯಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇರುತ್ತದೆ, ಯಂತ್ರಕ್ಕೆ ಹಾನಿ ತಟ್ಟುವುದಿಲ್ಲ. ಮಂದವಾಗಿ ಉರಿದರೆ ಆಶೆಯುಂಟು. ಬಣ್ಣದ ಚಿತ್ರಭಾಗದಲ್ಲಿ ನಳಿಕೆಯ ಕಾಂತತ್ವವನ್ನು ಕಳೆಯುವ ಸುರುಳಿಯಿರುವುದರಿಂದ ಬಲ್ಬು ಮೊದಲು ಭಗ್ಗನೆ ಬೆಳಗಿ ಆಮೇಲೆ ಮಂಕಾಗುತ್ತದೆ, ಅದಕ್ಕೆ ಗಾಬರಿಯಾಗಬೇಕಾಗಿಲ್ಲ. ನಾಲ್ಕೂ ಭಾಗಗಳನ್ನು ಒಮ್ಮೆಲೇ ಪರೀಕ್ಷಿಸದೆ, ಆಟದ ಫಲಕವನ್ನು ಬಿಡಿಸಿಟ್ಟು ಪೂರೈಕೆಯನ್ನು ಮಾತ್ರ ಮೊದಲು ನೋಡುವುದು ಜಾಣತನ.

ಪೂರೈಕೆಯಲ್ಲಾಗಲಿ ಚಿತ್ರಭಾಗದಲ್ಲಾಗಲಿ ಹೆಚ್ಚಾಗಿ ಕೆಡುವ ಅಂಗವೆಂದರೆ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್. ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಿಂದ ತೊಯ್ದ ಕಾಗದವನ್ನು ಸುತ್ತಿ ಇದನ್ನು ಮಾಡುತ್ತಾರೆ. ವರ್ಷ ಕಳೆದಂತೆ ದ್ರವ ಆರುತ್ತದೆ, ಇಲ್ಲವೆ ಸೋರುತ್ತದೆ. ಆಗ ಚಿತ್ರ ಕಿರಿದಾಗುತ್ತದೆ, ಮೇಲ್ಭಾಗ ಮಡಿಸಿದಂತಾಗುತ್ತದೆ, ಅಥವಾ ಅಗಲವಾದ ಮಬ್ಬುಪಟ್ಟಿಯೊಂದು ಪರದೆಯ ಮೇಲೆ ಹರಿಯುತ್ತದೆ. ಈ ಆರುವಿಕೆಗೆ ಒಂದು ಸ್ಥೂಲ ನಿಯಮವಿದೆ: ಶಾಖ 10 ಡಿಗ್ರಿ ಸೆಂಟಿಗ್ರೇಡ್ ಏರಿದರೆ ಆಯುಷ್ಯ ಅರ್ಧವಾಗುತ್ತದೆ. 85 ಡಿಗ್ರಿಯಲ್ಲಿ 2,000 ಗಂಟೆ ಬಾಳುವಂತೆ ಮಾಡಿದ ಕಂಡೆನ್ಸರು 65 ಡಿಗ್ರಿಯಲ್ಲಿ 8,000 ಗಂಟೆ, 55 ಡಿಗ್ರಿಯಲ್ಲಿ 16,000 ಗಂಟೆ ಬಾಳೀತು. ಕಲಬುರಗಿ ಸೀಮೆಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಸಾಮಾನ್ಯ. ಮುಚ್ಚಿದ ಪೆಟ್ಟಿಗೆಯೊಳಗೆ ಅದು 65ಕ್ಕೆ ಏರಿದರೆ, ದಿನಕ್ಕೆ ಹನ್ನೆರಡು ಗಂಟೆ ಓಡುವ ಯಂತ್ರದ ಕಂಡೆನ್ಸರಿನ ಆಯುಷ್ಯ ಎರಡು ವರ್ಷಕ್ಕೂ ಕಡಿಮೆ. ಬೆನ್ನಿನ ಮೇಲ್ಭಾಗದಲ್ಲಿ ಒಂದು ಸಣ್ಣ ಫ್ಯಾನನ್ನು ಕೂರಿಸಿ, ಶಾಖವನ್ನು 10 ಡಿಗ್ರಿಯಷ್ಟು ಇಳಿಸಿದರೆ ಅದು ಇಮ್ಮಡಿಯಾಗುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಡುವ ಸುಧಾರಣೆ ಈ ಪೆಟ್ಟಿಗೆಯಲ್ಲಿ ಬೇರೊಂದಿಲ್ಲವೆಂದು ನಮ್ಮ ಎಣಿಕೆ. ಕಂಡೆನ್ಸರು ಬದಲಿಸುವಾಗ ಧಾರಣೆ ಅಷ್ಟೇ ಇರಲಿ, ವೋಲ್ಟೇಜು ಮೊದಲಿನಷ್ಟು ಅಥವಾ ಹೆಚ್ಚಿರಲಿ, 105 ಡಿಗ್ರಿಯ ಜಾತಿಯದಿರಲಿ. ಧನ-ಋಣ ತುದಿಗಳು ಅದಲುಬದಲಾದರೆ ಅದು ಸಿಡಿಯುತ್ತದೆ.

ಆಟದ ಫಲಕ ಬೇಡುವುದು 5 ವೋಲ್ಟು. ಹಳೆಯ ತರ್ಕಬಿಲ್ಲೆಗಳು 4.75ರಿಂದ 5.25ರವರೆಗೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಪೂರೈಕೆಯ ತುದಿಯಲ್ಲಿ ಮೀಟರು ಸರಿಯಾಗಿ 5 ತೋರಿಸುತ್ತದೆ, ಆದರೂ ಆಟ ನಡುನಡುವೆ ತಾನಾಗಿ ಮೊದಲಿನಿಂದ ಆರಂಭವಾಗುತ್ತದೆ. ಹಲವರು ಇಲ್ಲಿ ಫಲಕವೇ ಕೆಟ್ಟಿತೆಂದು ಕೈಬಿಡುತ್ತಾರೆ. ಪ್ರೌಢಶಾಲೆಯಲ್ಲಿ ಓದಿದ ಓಮನ ನಿಯಮವನ್ನು ನೆನಪಿಗೆ ತಂದುಕೊಳ್ಳಿರಿ. ಫಲಕ 4 ಆಂಪಿಯರ್ ಎಳೆಯುತ್ತದೆ, ಕಿಲುಬು ಹಿಡಿದ ಕೂಡುಗೊಂಡಿಯ ರೋಧ 0.1 ಓಮ್ ಎಂದಿಟ್ಟುಕೊಂಡರೆ, ದಾರಿಯಲ್ಲಿಯೇ 0.4 ವೋಲ್ಟು ಕಳೆದುಹೋಗುತ್ತದೆ. ಫಲಕಕ್ಕೆ ಮುಟ್ಟಿದ್ದು 4.6, ಅದಕ್ಕೆ ಅದು ಉಪವಾಸವೇ ಸರಿ. ಆದುದರಿಂದ ವೋಲ್ಟೇಜನ್ನು ಅಳೆಯಬೇಕಾದುದು ಪೂರೈಕೆಯಲ್ಲಲ್ಲ, ಫಲಕದ ಮೇಲೆ. ಫಲಕದ ಅಂಚಿನ ಹಳದಿ ಪಟ್ಟಿಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜಿ, ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರೆ ಎಷ್ಟೋ ‘ಸತ್ತ’ ಫಲಕಗಳು ಎದ್ದು ಕೂರುತ್ತವೆ.

ಫಲಕದ ಮೇಲೆ ಕೆಲವು ಬಿಲ್ಲೆಗಳಿಗೆ ಕಾಗದದ ಚೀಟಿ ಅಂಟಿಸಿರುವುದು ಕಾಣುತ್ತದೆ. ಸ್ವಚ್ಛತೆಯ ಹುಮ್ಮಸ್ಸಿನಲ್ಲಿ ಅದನ್ನು ಕಿತ್ತರೆ ಆಟವನ್ನೇ ಕಳೆದುಕೊಂಡಂತೆ. ಆಟದ ಸೂಚನೆಗಳೆಲ್ಲ ಬರೆದಿರುವುದು ಆ ಬಿಲ್ಲೆಗಳಲ್ಲಿ. ಅವುಗಳ ನೆತ್ತಿಯಲ್ಲಿ ಸ್ಫಟಿಕದ ಒಂದು ಸಣ್ಣ ಕಿಟಕಿಯಿದೆ. ನೇರಳಾತೀತ ಕಿರಣವನ್ನು ಅದರೊಳಗೆ ಹಾಯಿಸಿ ಹಳೆಯ ಬರಹವನ್ನು ಅಳಿಸಿ ಹೊಸದನ್ನು ಬರೆಯುವುದಕ್ಕೆಂದು ಈ ಏರ್ಪಾಡು. ನಮ್ಮ ಸೂರ್ಯನ ಬೆಳಕಿನಲ್ಲಿಯೂ ಆ ಕಿರಣದ ಅಂಶವುಂಟು. ಕಿಟಕಿ ತೆರೆದಿದ್ದರೆ ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರದಲ್ಲಿ ಬರಹ ಅಳಿಯುತ್ತದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅದಕ್ಕೆ ಸುಮಾರು ಮೂರು ವರ್ಷ ಹಿಡಿಯುತ್ತದೆ. ಹಪ್ಪಳ ಸಂಡಿಗೆಗಳಂತೆ ತೊಳೆದುದೆಲ್ಲವನ್ನೂ ಮಾಳಿಗೆಯ ಮೇಲೆ ಒಣಹಾಕುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು. ಚೀಟಿ ಸಡಿಲವಾಗಿದ್ದರೆ ಬೆಳಕು ತೂರದ ಪಟ್ಟಿಯನ್ನು ಅದರ ಮೇಲೆ ಅಂಟಿಸಬೇಕು.

ಕೆಲವು ಫಲಕಗಳಲ್ಲಿ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಅದು ಸೋರಿದರೆ ಸುತ್ತಲಿನ ತಾಮ್ರದ ಗೆರೆಗಳ ಮೇಲೆ ಹಸಿರು-ಬಿಳಿ ಹುಡಿ ಏಳುತ್ತದೆ. ಸೋರಿದ್ದು ಕ್ಷಾರ, ಆದುದರಿಂದ ಅದನ್ನು ಅಡಗಿಸುವುದು ಆಮ್ಲ. ಕೈಗವಸು ಹಾಕಿ ಬ್ಯಾಟರಿಯನ್ನು ಬೇರ್ಪಡಿಸಿ, ಅಡಿಗೆಮನೆಯ ನಿಂಬೆರಸವನ್ನು ಹತ್ತಿಯಲ್ಲಿ ತೊಡೆದು ಉಜ್ಜಿ, ಬಟ್ಟಿ ಇಳಿಸಿದ ನೀರಿನಿಂದಲೂ ಆಲ್ಕೊಹಾಲಿನಿಂದಲೂ ಒರೆಸಿ, ನೆರಳಿನಲ್ಲಿ ಒಣಗಿಸಬೇಕು. ನಿಂಬೆರಸ ಉಳಿದರೆ ಅದೂ ತಾಮ್ರವನ್ನು ತಿನ್ನುತ್ತದೆ.

ಫಲಕವನ್ನು ಬಿಸಾಡಿ, ಅದರ ಸ್ಥಾನದಲ್ಲಿ ಇಂದಿನ ಪುಟ್ಟ ಗಣಕವನ್ನೂ ಚಪ್ಪಟೆ ಪರದೆಯನ್ನೂ ಕೂರಿಸುವವರಿದ್ದಾರೆ. ಅದರಿಂದ ಆಟವೇನೋ ಸಿಗುತ್ತದೆ. ಆದರೆ ಕಲಿಯಬೇಕಾದುದು ಗುಜರಿಗೆ ಹೋಗುತ್ತದೆ. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ ಆಟದಲ್ಲಿ 55 ಶತ್ರುಗಳು ಸಾಲಾಗಿ ಇಳಿದು ಬರುತ್ತಾರೆ. ಅವರ ಸಂಖ್ಯೆ ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ. ಇದಕ್ಕೆ ಕಾರಣ ಅದರೊಳಗಿನ ಇಂಟೆಲ್ 8080 ಬಿಲ್ಲೆಯ ನಿಧಾನ. ಸೆಕೆಂಡಿಗೆ ಅರವತ್ತು ಸಲ ಮೂಡುವ ಪರದೆಯಲ್ಲಿ ಒಂದು ಸಲಕ್ಕೆ ಒಬ್ಬ ಶತ್ರುವನ್ನು ಮಾತ್ರ ಅದು ಕದಲಿಸುತ್ತಿತ್ತು. 55 ಮಂದಿಗೆ ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು. ಒಬ್ಬನೇ ಉಳಿದಾಗ ಅರವತ್ತರಲ್ಲಿ ಒಂದು ಪಾಲು ಸಾಕು. ಯಂತ್ರದ ಬಡತನವೇ ಆಟಕ್ಕೆ ರೋಚಕತೆಯನ್ನು ತಂದಿತು!

ಮರದ ಕೆಲಸದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಗೆದ್ದಲು ತಿಂದ ಹಲಗೆಯನ್ನು ಬಡಗಿಯಿಂದ ಬದಲಾಯಿಸಿಕೊಂಡು, ತಳಕ್ಕೆ ಶಹಾಬಾದಿನ ಪರಸಿಯ ಎರಡು ತುಂಡುಗಳನ್ನು ಇಟ್ಟರೆ ನೆಲ ತೊಳೆದ ನೀರು ಮರಕ್ಕೆ ಏರುವುದಿಲ್ಲ. ಗುಂಡಿ ಮತ್ತು ಹಿಡಿಯ ಅಡಿಯಲ್ಲಿರುವುದು ಬರಿಯ ಸ್ವಿಚ್ಚುಗಳು. ತಗಡಿನ ಎಲೆಗಳ ಜಾತಿಯದಾದರೆ, ಎಲೆಗಳ ನಡುವೆ ಗಡುಸಾದ ಕಾಗದವೊಂದನ್ನು ಸೇರಿಸಿ ಎಳೆದರೆ ಕಿಲುಬು ಹೋಗುತ್ತದೆ. ಮರಳುಕಾಗದವನ್ನು ಬಳಸಿದರೆ ಮೇಲಿನ ಲೇಪನವೂ ಹೋಗುತ್ತದೆ. ನಾಣ್ಯದ ಸೀಳು ಆ ದೇಶದ ನಾಣ್ಯದ ಅಗಲಕ್ಕೂ ತೂಕಕ್ಕೂ ತಕ್ಕಂತೆ ಮಾಡಿದ್ದು. ನಮ್ಮ ರೂಪಾಯಿಯನ್ನು ಅದು ಒಪ್ಪದಿರಬಹುದು. ನಾಣ್ಯ ಬಿದ್ದಾಗ ಆಗುವುದೂ ಒಂದು ಸ್ವಿಚ್ಚು ಒಂದು ಕ್ಷಣ ಮುಚ್ಚಿಕೊಳ್ಳುವುದಷ್ಟೆ. ಆದುದರಿಂದ ಮನೆಯಲ್ಲಿ ಆಡುವವರು ಆ ಸ್ವಿಚ್ಚಿಗೆ ಸಮಾನಾಂತರವಾಗಿ ಒಂದು ಗುಂಡಿಯನ್ನು ಜೋಡಿಸಿ, ಅದನ್ನು ಪೆಟ್ಟಿಗೆಯ ಮುಂಬದಿಯಲ್ಲಿ ಕೂರಿಸಿಕೊಂಡರೆ ಸಾಕು.